ಅರಿಶಿನದ ಪುಡಿಗೆ ಹೆಸರು ಹುಡುಕಿದ್ದು

ಹಂಗಳದಲ್ಲಿರುವ ನನ್ನ ತಮ್ಮನ ಹೆಂಡತಿ ಅರಿಶಿನ ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿಸಿ ಪುಡಿ ಮಾರಲು ಶುರುಮಾಡಿದಾಗ ಅದಕ್ಕೊಂದು ಹೆಸರೇ ಇರಲಿಲ್ಲ. ಬಂಡೀಪುರದ ರಸ್ತೆಯ ಪಕ್ಕದ ಅಂಗಡಿಯೊಂದರಲ್ಲಿ ಬಿಳಿ ಪ್ಲಾಸ್ಟಿಕ್ ಕವರಿಗೆ ತುಂಬಿ ಇಡುತ್ತಿದ್ದಳು. ಯಾವುದು ಎಂದು ಕೇಳಿದವರಿಗೆ ಮನೆಯದು ಎಂದರೆ ಸಾಕಾಗುತ್ತಿತ್ತು. ಆ ದಾರಿಯಲ್ಲಿ ಹೋಗಿಬರುವ ಕೇರಳದವರು ಕಾರು ನಿಲ್ಲಿಸಿ ಕೊಳ್ಳುತ್ತಿದ್ದರು. ಅವರಲ್ಲಿ ಬತ್ತೇರಿಯ ಅಂಗಡಿಯವರೊಬ್ಬರು ಪುಡಿ ಮೆಚ್ಚಿ, ತಮಗೂ ತಿಂಗಳು ತಿಂಗಳು ಕಳಿಸಬೇಕೆಂದರು. ಆದರೆ ಹೀಗೆ ಬೋಳು ಕವರಿನಲ್ಲಿ ಬೇಡ, ಪ್ಯಾಕೆಟ್ಟಿನ ಮೇಲೆ ಹೆಸರಿರಲಿ, ವೆಬ್‌ಸೈಟ್ ಇರಲಿ, ಒಮ್ಮೆ ಕೊಂಡವರು ಮನೆಯಲ್ಲೇ ಕೂತು ಮತ್ತೆ ತರಿಸಿಕೊಳ್ಳುವಂತಿರಲಿ ಎಂದು ಹೇಳಿ ಹೋದರು.

ಆ ಕೆಲಸ ನನ್ನ ಪಾಲಿಗೆ ಬಂತು. ನಾನು ಚಾಮರಾಜನಗರದ ಒಂದು ಕಾಲೇಜಿನ ಆಫೀಸಿನಲ್ಲಿದ್ದೇನೆ. ದಿನವೆಲ್ಲ ಕಂಪ್ಯೂಟರಿನ ಮುಂದೆ ಕೂರುವವಳಿಗೆ ಇದೇನು ಮಹಾ ಎಂದು ಮನೆಯವರೆಲ್ಲ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡಿದ್ದೆ. ಪ್ಯಾಕೆಟ್ ಮಾಡಿಸಿಕೊಡಲು ಒಪ್ಪಿಕೊಂಡ ಪ್ರೆಸ್ಸಿನವರು ಡಿಸೈನಿಗೆ ಹೆಸರು ಕೇಳಿದಾಗ ಮಾತ್ರ ಭಯ ಹತ್ತಿಕೊಂಡಿತು. ಪ್ಯಾಕೆಟ್ ಅಚ್ಚಾಗುವುದು ಬೇರೆ ಊರಿನಲ್ಲಿ, ಇಲ್ಲಿಂದ ಹೋದ ಮೇಲೆ ಒಂದಕ್ಷರವನ್ನೂ ತಿದ್ದಲಾಗುವುದಿಲ್ಲ, ಸೋಮವಾರ ಸಂಜೆಯೊಳಗೆ ಹೆಸರು ಮತ್ತು ವೆಬ್‌ಸೈಟಿನ ವಿಳಾಸ ಎರಡೂ ಕೊಡಿ ಎಂದರು.

ಮೊದಲು ನನ್ನ ತಲೆಗೆ ಬಂದದ್ದು ತೀರಿಕೊಂಡ ನಮ್ಮವ್ವನ ಹೆಸರು. ಅರಿಶಿನವನ್ನು ಯಾವ ಹದಕ್ಕೆ ಬೇಯಿಸಬೇಕೆಂದು ಸೊಸೆಗೆ ಕಲಿಸಿದ್ದೇ ಅವ್ವ. ಫೋನಿನಲ್ಲಿ ಹೇಳಿದೆ. ತಮ್ಮನ ಹೆಂಡತಿ, "ಪುಡಿ ಕಾಲಿಯಾದ್ ಮೇಲೆ ಕವರ್ನ ರೋಡಿಗ್ ಬಿಸಾಕ್ತರೆ ಅತ್ಗೆ. ಅತ್ತೆ ಎಸ್ರುನ್ನ ಜನ ತುಳ್ಕಂಡ್ ಓಡಾಡದು ಬ್ಯಾಡ," ಅಂದಳು. ನನಗೆ ಮುಖಕ್ಕೆ ನೀರೆರಚಿದಂತಾಯಿತು. ಅದೇ ಕಾರಣಕ್ಕೆ ಮನೆದೇವರ ಹೆಸರನ್ನೂ ಕೈಬಿಟ್ಟೆವು.

ಆಮೇಲೆ ಹೊಂಬಣ್ಣ ಎಂಬ ಹೆಸರು ಹೊಳೆಯಿತು. ಎಷ್ಟು ಚೆನ್ನಾಗಿದೆ ಎಂದು ಹಿಗ್ಗಿ, ಮಧ್ಯಾಹ್ನ ಊಟದ ಬಿಡುವಿನಲ್ಲಿ ವಿಳಾಸ ಖಾಲಿ ಇದೆಯೇ ಎಂದು ನೋಡಲು ಕೂತೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಹೋದಾಗಲೇ ಕಷ್ಟ ಗೊತ್ತಾದದ್ದು. ನಡುವೆ ಎಮ್ಮೋ, ಎನ್ನೋ? ಕೊನೆಯಲ್ಲಿ ಎನ್ ಎಷ್ಟು ಸಲ? ಪಕ್ಕದ ಮೇಜಿನವರನ್ನು ಕೇಳಿದರೆ ಅವರು ಒಂದು ರೀತಿ ಬರೆದರು, ಲೈಬ್ರರಿಯವರು ಇನ್ನೊಂದು ರೀತಿ. ಒಂದು ಹೆಸರನ್ನು ಜನ ಇಷ್ಟು ಥರ ಬರೆಯುವುದಾದರೆ ಕೊಳ್ಳುವವರು ನಮ್ಮನ್ನು ಹುಡುಕುವುದಾದರೂ ಹೇಗೆ? ಪಕ್ಕದ ಮೇಜಿನವರು ಇನ್ನೊಂದು ಮಾತನ್ನೂ ಹೇಳಿದರು. ಹೀಗೆ ಪದೇ ಪದೇ ಹುಡುಕುತ್ತಿದ್ದರೆ ಯಾರೋ ಅದನ್ನು ಗಮನಿಸಿ, ನಮಗಿಂತ ಮುಂಚೆ ತಾವೇ ಕೊಂಡು ದುಪ್ಪಟ್ಟಿಗೆ ಮಾರುತ್ತಾರಂತೆ. ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವತ್ತು ಕೈ ಕೀಲಿಮಣೆಯಿಂದ ತಾನಾಗಿ ಹಿಂದೆ ಬಂತು.

ಆ ಹೆಸರಿನ ಬಗ್ಗೆ ಬತ್ತೇರಿಯವರನ್ನೂ ಒಂದು ಮಾತು ಕೇಳೋಣವೆಂದು ಫೋನ್ ಮಾಡಿದೆ. ಇದನ್ನು ಹೇಳುವ ಮುಂಚೆ ನನ್ನ ನಾಲಗೆಯ ಬಗ್ಗೆ ಹೇಳಬೇಕು. ನಾನು ಹಂಗಳದವಳು. ನಮ್ಮ ಕಡೆ ಮಾತಿನಲ್ಲಿ ‘ಹ’ ನಿಲ್ಲುವುದಿಲ್ಲ. ಹೋಗು ಎನ್ನುವುದು ಓಗು, ಹಸು ಎನ್ನುವುದು ಅಸು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಫೀಸಿನವರು ನಕ್ಕಿದ್ದಕ್ಕೆ ಪ್ರತಿ ಮಾತನ್ನೂ ಅಳೆದು ಆಡುವುದನ್ನು ಕಲಿತೆ. ಆ ಅಂಜಿಕೆಯಲ್ಲಿ ಬೇಡದ ಕಡೆಯೂ ‘ಹ’ ಸೇರಿಸಿ, ಆಸ್ಪತ್ರೆಗೆ ಹಾಸ್ಪತ್ರೆ ಎಂದು ಇನ್ನಷ್ಟು ನಗಿಸಿದ್ದೂ ಉಂಟು. ಇಷ್ಟು ವರ್ಷವಾದರೂ ಅವಸರವಾದಾಗ ನಾಲಗೆ ಹಂಗಳಕ್ಕೇ ಹೋಗಿಬಿಡುತ್ತದೆ.

ಅವತ್ತೂ ಹಾಗೇ ಆಯಿತು. ಬತ್ತೇರಿಯವರಿಗೆ ಕನ್ನಡ ಅರೆಬರೆ. ನಾನು ಒಂಬಣ್ಣ ಎಂದದ್ದನ್ನು ಕೇಳಿ ಅವರು, ಅರಿಶಿನಕ್ಕೆ ಒಂಬತ್ತು ಬಣ್ಣ ಎಲ್ಲಿಂದ ಬಂತು ಎಂದು ವಿಚಾರಿಸಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ಕಿವಿಯವರೆಗೂ ಬಿಸಿಯಾಯಿತು. ಎಚ್ ಇದೆ, ಎಚ್ ಇದೆ ಎಂದು ಬಿಡಿಸಿ ಹೇಳಿದೆ. ಫೋನ್ ಇಟ್ಟ ಮೇಲೆ ಯೋಚಿಸಿದೆ. ಇನ್ನು ಮುಂದೆ ಈ ಹೆಸರನ್ನು ಫೋನಿನಲ್ಲಿ ಹೇಳಬೇಕಾದವರು ನಾನು, ನನ್ನ ತಮ್ಮ, ಅವನ ಹೆಂಡತಿ. ಮೂವರ ಬಾಯಲ್ಲೂ ನಿಲ್ಲದ ಅಕ್ಷರದಿಂದ ನಾವು ಹೆಸರು ಶುರುಮಾಡಲು ಹೊರಟಿದ್ದೆವು.

ಸಾಯಂಕಾಲ ತಮ್ಮನ ಹೆಂಡತಿಗೆ ತಿಳಿಸಿದರೆ ಅವಳ ಚಿಂತೆ ಬೇರೆಯೇ ಆಗಿತ್ತು. ಬಣ್ಣ ಎಂದು ಬರೆದರೆ ಪುಡಿಗೆ ಬಣ್ಣ ಬೆರೆಸಿದ್ದಾರೆ ಎಂದು ಜನ ತಿಳಿಯುವುದಿಲ್ಲವೇ ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಹೊಂಬಣ್ಣವನ್ನು ಅಲ್ಲಿಗೆ ಬಿಟ್ಟೆವು. ಆಮೇಲಿನ ದಿನಗಳಲ್ಲಿ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಆಫೀಸಿನಲ್ಲಿ ನನ್ನ ತಲೆಯಲ್ಲಿ ಅದೇ ಓಡುತ್ತಿತ್ತು. ಚೆನ್ನಾಗಿದ್ದ ಹೆಸರುಗಳನ್ನೆಲ್ಲ ಯಾರೋ ಆಗಲೇ ಹಿಡಿದಿಟ್ಟಿದ್ದರು. ಖಾಲಿ ಇದ್ದವು ನಾಲಗೆಗೆ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಊಟ ಸೇರುತ್ತಿರಲಿಲ್ಲ. ತಮ್ಮನ ಹೆಂಡತಿ ಕಣದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಮಾಡಿದ್ದೆಲ್ಲ ನನ್ನ ಒಂದು ಮಾತಿಗಾಗಿ ಕಾದು ಕೂತಿದೆಯಲ್ಲ ಎನಿಸುತ್ತಿತ್ತು.

ಭಾನುವಾರ ತಡೆಯಲಾರದೆ ಹಂಗಳಕ್ಕೆ ಹೊರಟೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟಿದಾಗ ತಮ್ಮ ಜಗಲಿಯ ಮೇಲೆ ಕೂತು ಸ್ನೇಹಿತನೊಬ್ಬನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ಅರಿಶಿನ ಎಲ್ಲಿಯದೆಂದು ಆ ಕಡೆಯಿಂದ ಕೇಳಿರಬೇಕು.

"ಬ್ಯಾರೆ ಕಡೆದಲ್ಲ ಕಣ್ಲಾ, ನಮ್ಮಂಗ್ಳದ್ದೇಯ," ಅಂದ.

ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತೆ. ನಮ್ಮ ಹಂಗಳ ಎನ್ನುವುದನ್ನು ಅವನು ನಮ್ಮಂಗಳ ಎಂದಿದ್ದ. ಊರಿನವರೆಲ್ಲ ಹಾಗೇ ಅನ್ನುತ್ತಾರೆ, ಹುಟ್ಟಿದಾಗಿನಿಂದ ಕೇಳುತ್ತಲೇ ಬಂದಿದ್ದೇನೆ. ಆದರೆ ಅವತ್ತು ಅದು ನಮ್ಮ ಅಂಗಳ ಎಂದು ಕೇಳಿಸಿತು. ‘ಹ’ ಇಲ್ಲ, ಬಣ್ಣವಿಲ್ಲ, ಯಾರ ಹೆಸರೂ ಅಲ್ಲ. ಒಳಗೆ ಹೋಗಿ ಫೋನಿನಲ್ಲಿ ಒಂದೇ ಒಂದು ಸಲ ನೋಡಿದೆ. ವಿಳಾಸ ಖಾಲಿ ಇತ್ತು. ಮತ್ತೆ ಮುಟ್ಟಲಿಲ್ಲ.

ತಮ್ಮನ ಹೆಂಡತಿಗೆ ಒಂದು ಕಾಗದದ ಮೇಲೆ ನಮ್ಮಂಗಳ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿದೆ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿ, ಇದರೊಳಗೆ ಮಂಗಳವೂ ಇದೆಯಲ್ಲ ಎಂದು ಮುಖ ಅರಳಿಸಿದಳು. ನಾನು ಅದನ್ನು ಗಮನಿಸಿರಲಿಲ್ಲ. ಅರಿಶಿನಕ್ಕೆ ಅದಕ್ಕಿಂತ ಒಪ್ಪುವ ಮಾತು ಬೇಕೇ ಎಂದು ಇಬ್ಬರೂ ಖುಷಿಯಾದೆವು. ಅಷ್ಟರಲ್ಲಿ ತಮ್ಮ ಒಳಗೆ ಬಂದು ಕಾಗದ ನೋಡಿ ನಕ್ಕ. "ಸುರು ಆಗಕ್ ಮುಂಚೇನೇ ಮಂಗ್ಳ ಆಡ್ಬುಟ್ರಲ್ಲಕ್ಕ," ಅಂದ.

ಅವನು ಅಂದದ್ದು ತಮಾಷೆಗೆ. ಆದರೆ ಮಂಗಳ ಹಾಡುವುದೆಂದರೆ ಮುಗಿಸಿಬಿಡುವುದು. ತಮ್ಮನ ಹೆಂಡತಿಯ ಮುಖ ಬಾಡಿತು. ಕಾಗದವನ್ನು ಮಡಿಸಿ ಡಬ್ಬಿಯ ಕೆಳಗಿಟ್ಟು ಅಡುಗೆಗೆ ಎದ್ದುಹೋದಳು. ಊಟಕ್ಕೆ ಬಡಿಸುವಾಗಲೂ ಆ ಮಾತೆತ್ತಲಿಲ್ಲ. ಕೇಳಿದರೆ ಬೇಡ ಎಂದುಬಿಡುತ್ತಾಳೇನೋ ಎಂದು ನಾನೂ ಕೇಳಲಿಲ್ಲ. ತಮ್ಮನ ಮೇಲೆ ಸಿಟ್ಟು ಬಂತು, ಹೇಳಿ ಪ್ರಯೋಜನವಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಇನ್ನೊಂದು ಹೆಸರು ಹುಡುಕಲು ನೋಡಿದೆ. ಒಂದೂ ಬರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಡುತ್ತಿದ್ದಾಗ ಅವಳೇ ಫೋನ್ ಮಾಡಿದಳು.

"ಅದನ್ನೇ ತಕಳಿ ಅತ್ಗೆ," ಅಂದಳು.

ಗಂಡ ಅಂದ ಮಾತು ಮನಸ್ಸಿನಲ್ಲಿಲ್ಲವೇ ಎಂದು ಕೇಳಿದೆ.

"ಅದೆ. ರವಷ್ಟು ಬಯಾನೂ ಅದೆ. ಆದ್ರೆ ತಾಳಿಗೆ ಅರ್ಸ್ನ ಅಚ್ಚುವಾಗ ಇದ್ಯಾವ ಮಂಗ್ಳ ಅಂತ ಯಾರೂ ಕೇಳಕಿಲ್ಲ. ತಕಳಿ."

ಅವಳಿಗೆ ಒಂದೇ ಒಂದು ಆಸೆಯಿತ್ತು. ಪುಡಿ ಮಾರಿದ ಹಣಕ್ಕೆಂದು ತಾನು ತೆರೆದ ಖಾತೆಯಿಂದಲೇ ಹೆಸರು ಕೊಳ್ಳಬೇಕು. ನಾನು ಒಪ್ಪಿ, ಅವಳ ಕಾರ್ಡಿನ ನಂಬರು ಬರೆದುಕೊಂಡೆ. ಆ ಖಾತೆಗೆ ಕೊಟ್ಟಿದ್ದು ತಮ್ಮನ ಫೋನ್ ನಂಬರು ಎನ್ನುವುದು ಮಧ್ಯಾಹ್ನ ಹಣ ಕಟ್ಟುವ ಹೊತ್ತಿಗಷ್ಟೇ ನೆನಪಾಯಿತು. ಓಟಿಪಿ ಹೋದದ್ದು ಅವನಿಗೆ. ಅವನು ಪಂಪ್‌ಸೆಟ್ಟಿನ ಮೋಟರನ್ನು ರಿಪೇರಿಗೆ ಕೊಡಲು ಬೈಕಿನಲ್ಲಿ ಗುಂಡ್ಲುಪೇಟೆಗೆ ಹೊರಟಿದ್ದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದರೆ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಪರದೆಯ ಮೇಲೆ ಉಳಿದ ಸಮಯ ಇಳಿಯುತ್ತಾ ಬಂದು, ಅವಧಿ ಮುಗಿಯಿತು ಎಂಬ ಸಾಲು ಕಾಣಿಸಿತು. ಈಗ ನಾನು ಹುಡುಕಿದ್ದಷ್ಟೇ ಅಲ್ಲ, ಕೊಳ್ಳಲೂ ಹೋಗಿದ್ದೆ. ಎಲ್ಲೋ ಕೂತ ಯಾವನೋ ಇದನ್ನೇ ನೋಡುತ್ತಿದ್ದಾನೆ, ಇನ್ನೇನು ಕಿತ್ತುಕೊಳ್ಳುತ್ತಾನೆ ಎನಿಸಿತು.

ಕಡೆಗೆ ತಮ್ಮನೇ ಫೋನ್ ಮಾಡಿದ. ಗುಂಡ್ಲುಪೇಟೆಯ ಟೀ ಅಂಗಡಿಯಲ್ಲಿದ್ದ. ಅಲ್ಲಿಂದ ಕದಲಬೇಡ ಎಂದು ಹೇಳಿ ಇನ್ನೊಂದು ಓಟಿಪಿಗೆ ಒತ್ತಿದೆ. ಮೆಸೇಜು ಬಂದಿದೆ, ಆದರೆ ಕನ್ನಡಕ ತಂದಿಲ್ಲ, ಅದು ಆರೋ ಎಂಟೋ ತಿಳಿಯುತ್ತಿಲ್ಲ ಎಂದ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಫೋನು ಟೀ ಅಂಗಡಿಯವರ ಕೈಗೆ ಹೋಗಿತ್ತು. ಯಾರಿಗೂ ತಿಳಿಸಬೇಡಿ ಎಂದು ಬ್ಯಾಂಕಿನವರು ದಿನಾ ಎಚ್ಚರಿಸುವ ಆ ನಂಬರನ್ನು ಅವರು ಮಲಯಾಳ ಬೆರೆತ ಕನ್ನಡದಲ್ಲಿ, ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸುವಂತೆ ಓದಿದರು. ನಾನು ಒತ್ತಿದೆ. ಚಕ್ರ ತಿರುಗುತ್ತಾ ತಿರುಗುತ್ತಾ ನಿಂತಿತು. ಹೆಸರು ನಮ್ಮದಾಗಿತ್ತು.

ನನಗೆ ಸಂತೋಷವೇನೂ ಆಗಲಿಲ್ಲ. ಪ್ರೆಸ್ಸಿಗೆ ಹೋಗಿ, ಅವರು ಡಿಸೈನಿನಲ್ಲಿ ಕೂರಿಸಿದ ವಿಳಾಸವನ್ನು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಓದಿದೆ. ಎರಡು ಎಮ್ ಇವೆಯೇ ಎಂದು ಅವರ ಬಾಯಿಂದಲೂ ಓದಿಸಿದೆ. ಪ್ಯಾಕೆಟ್ಟುಗಳು ಬಂದ ದಿನ ಕಟ್ಟು ಬಿಚ್ಚಲು ಧೈರ್ಯ ಬಾರದೆ ತಮ್ಮನ ಹೆಂಡತಿಗೇ ಬಿಟ್ಟೆ. ಅವಳು ಒಂದನ್ನು ಎಳೆದು, ಬೆಳಕಿಗೆ ಹಿಡಿದು ನೋಡಿ, ಸರಿಯಾಗಿದೆ ಎಂದಳು.

ಮೊದಲ ಮೂಟೆ ಬತ್ತೇರಿಗೆ ಹೋಯಿತು. ಸ್ವಲ್ಪ ದಿನಗಳಲ್ಲಿ, ರಾತ್ರಿ ಕೂತು ನಾನೇ ಮಾಡಿದ ವೆಬ್‌ಸೈಟಿನ ಮೂಲಕ ಒಂದು ಆರ್ಡರೂ ಬಂತು. ಆಮೇಲೆ ಒಂದೊಂದಾಗಿ ಬರುತ್ತಲೇ ಇವೆ, ಹೆಚ್ಚೇನಲ್ಲ, ನಿಂತೂ ಇಲ್ಲ. ಫೋನಿನಲ್ಲಿ ಹೆಸರು ಹೇಳುವಾಗ ನನ್ನ ನಾಲಗೆ ಎಡವುವುದಿಲ್ಲ.

ಒಂದು ವಿಷಯ ಮಾತ್ರ ನನಗೆ ಗೊತ್ತಿರಲಿಲ್ಲ. ಹೆಸರನ್ನು ಕೊಂಡೆವು ಎಂದುಕೊಂಡಿದ್ದೆ. ವರ್ಷ ತುಂಬುವ ಹೊತ್ತಿಗೆ, ನವೀಕರಿಸದಿದ್ದರೆ ವಿಳಾಸ ಬೇರೆಯವರಿಗೆ ಹೋಗಬಹುದು ಎಂದು ಮೇಲ್ ಬಂತು. ಓದಿದವಳು ಕುರ್ಚಿಯಿಂದ ಎದ್ದೇಬಿಟ್ಟೆ. ತಮ್ಮನಿಗೆ ಹೇಳಿದರೆ ಅವನಿಗೆ ನಂಬಿಕೆಯೇ ಬರಲಿಲ್ಲ.

"ಎಸ್ರುಗೂ ಗುತ್ಗೆನಾ ಅಕ್ಕ?" ಅಂದ.

ಗುತ್ತಿಗೆಯೇ. ಪ್ರತಿ ವರ್ಷ ಕಟ್ಟಬೇಕು. ಅರಿಶಿನ ಕೀಳುವ ಕಾಲಕ್ಕೇ ಅದೂ ಬರುತ್ತದೆ. ಮೊನ್ನೆ ಹೋಗಿದ್ದಾಗ ತಮ್ಮನ ಹೆಂಡತಿ ಕಣದ ತುಂಬ ಬೇಯಿಸಿದ ಅರಿಶಿನ ಹರಡುತ್ತಿದ್ದಳು. ಕಟ್ಟಿದಿರಾ ಎಂದು ಕೇಳಿದಳು, ಕಟ್ಟಿದ್ದೇನೆ ಎಂದೆ. ಅವಳಿಗೆ ಅಷ್ಟು ಸಾಕಾಯಿತು, ತನ್ನ ಕೆಲಸ ಮುಂದುವರಿಸಿದಳು. ನಾನು ಸ್ವಲ್ಪ ದೂರ ಹೋಗಿ ನಿಂತು, ಫೋನು ತೆಗೆದು, ನಮ್ಮ ಪುಟ ತೆರೆಯುತ್ತದೆಯೇ ಎಂದು ಇನ್ನೊಮ್ಮೆ ನೋಡಿದೆ.