ಗಿರಿಜಾಳನ್ನು ಕೇಳಿದ ಪ್ರಶ್ನೆ

ಡಾಕ್ಟರು ಕೇಳಿದ್ದು ನನ್ನ ತಂಗಿ ಗಿರಿಜಾಳನ್ನು. ಸುಳ್ಳು ಹೇಳಿದ್ದು ನಾನು. ಒಂಬತ್ತು ವರ್ಷಗಳ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ, ಬಳ್ಳಾರಿಯ ಬ್ರೂಸ್‌ಪೇಟೆ ಹತ್ತಿರದ ಆಸ್ಪತ್ರೆಯೊಂದರಲ್ಲಿ ಬಸುರಿಯಾಗಿದ್ದ ಅವಳ ಕುರ್ಚಿಯ ಹಿಂದೆ, ಬಾಗಿಲಿಗೆ ಓರೆಯಾಗಿ ನಿಂತಿದ್ದೆ. ಪಕ್ಕದ ಸ್ಟೂಲಿನ ಮೇಲೆ ಅವ್ವ. ಹೊರಗೆ ಬೆಂಚಿನಲ್ಲಿ ಗಿರಿಜಾಳ ಗಂಡ ವೀರೇಶ ಮತ್ತು ಅವನ ತಾಯಿ, ಸಿರುಗುಪ್ಪದಿಂದ ಬಂದವರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

“ಮೊದಲ ತಿಂಗಳುಗಳಲ್ಲಿ ಜ್ವರ ಬಂದಿತ್ತೇನಮ್ಮಾ? ಮೈಮೇಲೆ ಕೆಂಪು ಗುಳ್ಳೆ ಎದ್ದಿದ್ವಾ?”

ಗಿರಿಜಾ ಬಾಯಿ ತೆರೆದಳು. ಅವಳಿಗಿಂತ ಮೊದಲು ನಾನು ಹೇಳಿಬಿಟ್ಟೆ: “ಏನೂ ಇಲ್ರೀ ಮೇಡಂ. ಆರಾಮ ಅದಾಳ್ರಿ.”

ಬಂದಿತ್ತು. ಕುರುಗೋಡಿನ ನಮ್ಮ ಮನೆಯಲ್ಲೇ ಬಂದಿತ್ತು. ಹೊಸ ಮನೆಯ ಗೃಹಪ್ರವೇಶಕ್ಕೆ ಅವಳನ್ನು ಕರೆಸಿದ್ದೆ. ಆಗ ನನ್ನ ಮಗನ ಮೈತುಂಬ ಗುಳ್ಳೆ. ಅವಳು ಬಸುರಿಯೆಂದೂ ನನಗೆ ಗೊತ್ತಿತ್ತು. ತಂಗಿಯಿಲ್ಲದೆ ಹೊಸ ಮನೆ ಹೊಗುವುದು ಹೇಗೆ ಎಂದು — ಬರಬೇಡ ಎನ್ನಲಿಲ್ಲ. ಅವ್ವ ಅವಳನ್ನು ಕೆಲವು ವಾರ ಉಳಿಸಿಕೊಂಡಳು. ಆಗ ಅವಳಿಗೂ ಎದ್ದವು.

ನಮ್ಮಲ್ಲಿ ಅದಕ್ಕೆ ಅಮ್ಮ ಬಂದಳು ಎನ್ನುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತೇವೆ, ಮೊಸರನ್ನದ ಎಡೆ ಹಿಡಿಯುತ್ತೇವೆ. ಔಷಧ ಮಾಡುವುದಿಲ್ಲ, ರೋಗವೆಂದು ಬಾಯಿಬಿಟ್ಟು ಹೇಳುವುದೂ ಇಲ್ಲ. ಡಾಕ್ಟರಿಗೆ ತೋರಿಸೋಣವೇ ಎಂದು ನಾನು ಕೇಳಿದ್ದಕ್ಕೆ ಅವ್ವ, “ಲೇ, ಅಮ್ಮಗ ಸೂಜಿ ಚುಚ್ಚಿಸ್ತೀಯೇನ್ಲೇ? ಮೊದ್ಲು ಬಾಯಿ ತೊಳಕೊ ಹೋಗು,” ಎಂದಿದ್ದಳು.

ಆಸ್ಪತ್ರೆಯಲ್ಲಿ ಅವ್ವ ಸುಮ್ಮನಿದ್ದದ್ದು ಭಕ್ತಿಯಿಂದ. ನನ್ನದು ಭಕ್ತಿಯಲ್ಲ. ಬಾಗಿಲ ಸಂದಿಯಲ್ಲಿ ಬೀಗತಿಯ ಸೆರಗು ಕಾಣುತ್ತಿತ್ತು. ಬಸುರಿಯನ್ನು ಕರೆಸಿ ಅಮ್ಮ ಹತ್ತಿಸಿ ಕಳಿಸಿದರು ಎಂಬ ಮಾತು ಹುಟ್ಟಬಾರದು — ಅಷ್ಟೇ.

“ಹಾಗಾದ್ರೆ ಆ ಸೋಂಕಿನ ರಕ್ತಪರೀಕ್ಷೆ ಬೇಡ ಬಿಡಿ,” ಎಂದರು ಡಾಕ್ಟರು. ಸ್ಪಷ್ಟವಾಗಿ ಕೇಳಿಸಿತು. ಆಗಲೂ ತಿದ್ದಬಹುದಿತ್ತು. ಗಿರಿಜಾ ಕತ್ತು ಹೊರಳಿಸಿ ನನ್ನನ್ನು ನೋಡಿದಳು —

ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಹೆಣ್ಣು ಕೂಸು ಹುಟ್ಟಿತು. ಅಕ್ಷತಾ ಎಂದು ಹೆಸರಿಟ್ಟರು. ದೀಪಾವಳಿಯ ಪಟಾಕಿಗೂ ಎಚ್ಚರವಾಗದೆ ಮಲಗುತ್ತಿದ್ದಳು. “ಸೋದರಮಾವನಂಗ ನಿದ್ದಿಬುರುಕಿ ನೋಡ್ರಿ,” ಎಂದು ನನ್ನ ಹೆಂಡತಿ ನಕ್ಕಳು. ನಾನೂ ನಕ್ಕೆ.

ಮೂರು ವರ್ಷ ತುಂಬಿದರೂ ಮಾತು ಬರಲಿಲ್ಲ. ವೀರೇಶನಿಗೆ ರೈಸ್‌ಮಿಲ್ಲಿನಲ್ಲಿ ರಜೆ ಸಿಗದೆ, ಬಳ್ಳಾರಿಯ ಕಿವಿ ಡಾಕ್ಟರ ಹತ್ತಿರ ತಾಯಿ ಮಗಳನ್ನು ನಾನೇ ಕರೆದೊಯ್ದೆ. ಅವರೂ ಅದೇ ಪ್ರಶ್ನೆ ಕೇಳಿದರು. ಈ ಸಲ ಗಿರಿಜಾ ಉತ್ತರಿಸಿದಳು: “ಬಂದಿತ್ರಿ.” ಆ ಸೋಂಕೇ ಕೂಸಿನ ಕಿವಿ ಕೆಡಿಸಿದೆ; ಹೊಟ್ಟೆಯಲ್ಲಿರುವಾಗ ತಗಲಿದ ಅದನ್ನು ಯಾರಿಂದಲೂ ತೆಗೆಯಲಾಗುತ್ತಿರಲಿಲ್ಲ, ಆದರೆ ಮೊದಲೇ ಗೊತ್ತಿದ್ದರೆ ಹುಟ್ಟಿದ ಕೂಡಲೇ ಕಿವಿ ಪರೀಕ್ಷಿಸುತ್ತಿದ್ದರು, ಮಾತು ಕಲಿಯುವ ವಯಸ್ಸು ಹೀಗೆ ಕಳೆದುಹೋಗುತ್ತಿರಲಿಲ್ಲ ಎಂದರು ಅವರು. ಸಿರುಗುಪ್ಪದಲ್ಲಿ ಗಿರಿಜಾ ಗುಳ್ಳೆಯ ಸುದ್ದಿಯನ್ನಾಗಲಿ ನನ್ನ ಸುಳ್ಳನ್ನಾಗಲಿ ಯಾರಿಗೂ ಹೇಳಲಿಲ್ಲ.

ಅಲ್ಲಿ ಒಮ್ಮೆ ಊಟಕ್ಕೆ ಕುಳಿತಿದ್ದೆ. ಅವಳ ಅತ್ತೆ ನನ್ನೆದುರೇ ಅವಳಿಗೆ ಹೇಳಿದರು: “ನಮ್ಮ ವಂಶದಾಗ ಕಿವುಡ್ರು ಯಾರೂ ಇಲ್ಲವ್ವಾ. ಇದು ನಿನ್ನ ಹೊಟ್ಟಿ ದೋಷ.” ಗಿರಿಜಾ ರೊಟ್ಟಿಯ ಬುಟ್ಟಿ ಹಿಡಿದು ನನ್ನ ಮುಂದೆ ಬಗ್ಗಿದಳು. “ಅಣ್ಣ, ಇನ್ನೊಂದು ಹಾಕ್ಲೇನು?”

ಹಾಕಿಸಿಕೊಂಡೆ.

ಅಕ್ಷತಾಳ ಕಿವಿಗೆ ಈಗ ಮಷಿನ್ ಇದೆ. ಮಾತು ಪೂರ್ತಿ ಬಂದಿಲ್ಲ. ನನ್ನನ್ನು “ಮಾ” ಎನ್ನುತ್ತಾಳೆ, ಅಲ್ಲಿಗೆ ನಿಲ್ಲುತ್ತಾಳೆ. ಬರುವ ಭಾನುವಾರ ಸಿರುಗುಪ್ಪಕ್ಕೆ ಹೋಗಿ ವೀರೇಶನಿಗೂ ಅವನ ತಾಯಿಗೂ ಇದನ್ನೆಲ್ಲ ಹೇಳುತ್ತೇನೆ. ಹೇಳಿದ ಮೇಲೆ ಏನಾಗುತ್ತದೋ — ಅದು ನನ್ನ ಪಾಲಿನದು.

ಆ ದಿನ ಕೋಣೆಯಲ್ಲಿದ್ದವರಲ್ಲಿ ಅವ್ವ ತೀರಿಕೊಂಡಿದ್ದಾಳೆ. ಡಾಕ್ಟರು ಊರು ಬಿಟ್ಟರಂತೆ. ಅವರಿಗೆ ನಾನು ನೆನಪಿರಲಾರೆ. ತನ್ನ ಉತ್ತರವನ್ನು ನಾನು ಕಸಿದುಕೊಂಡದ್ದನ್ನು ಕಂಡು, ಇನ್ನೂ ನೆನಪಿಟ್ಟುಕೊಂಡಿರುವವಳು ಒಬ್ಬಳೇ — ಗಿರಿಜಾ, ನನ್ನ ತಂಗಿ.