ಉಂಡ ಮೇಲೆ ಹೇಳುವ ಮಾತು

ಮದ್ದೂರು ಅಂದ ಕೂಡಲೇ ಎಲ್ಲರೂ ವಡೆಯ ಮಾತೆತ್ತುತ್ತಾರೆ. ನನಗೆ ರೇಗುತ್ತದೆ. ಊರು ಅಂದರೆ ಬರೀ ವಡೆಯೇ? ನಾನು, ನನ್ನ ತಮ್ಮ ಬೆಳೆದದ್ದು ಅಲ್ಲಿನ ಪೊಲೀಸ್ ಕ್ವಾರ್ಟರ್ಸಿನಲ್ಲಿ. ನನಗೆ ನೆನಪಾಗುವುದು ಮೈಗೆ ಅಂಟುತ್ತಿದ್ದ ಗೋಡೆಯ ಸುಣ್ಣ, ತಂತಿಯ ಮೇಲೆ ಒಣಗುತ್ತಿದ್ದ ಖಾಕಿ, ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ಉಗುರು ಕತ್ತರಿಸುತ್ತಿದ್ದ ಅಪ್ಪ. ಕಳ್ಳರ ಕೈ ಹಿಡಿದ ಹಾಗೇ ನಮ್ಮ ಕೈಯನ್ನೂ ಬಿಗಿಯಾಗಿ ಹಿಡಿಯುತ್ತಿದ್ದ. ಕೊಸರಾಡಿದರೆ, "ಅಲ್ಲಾಡ್ಬ್ಯಾಡ ಕಣವ್ವ, ರಕ್ತ ಬಂದ್ರೆ ನಿಮ್ಮವ್ವ ನನ್ ಮ್ಯಾಲೇ ಕೇಸ್ ಆಕ್ತಾಳೆ" ಅನ್ನುತ್ತಿದ್ದ.

ಅಪ್ಪ ಕಾನ್‌ಸ್ಟೇಬಲ್ ಆಗಿ ಸೇರಿ, ದಫೇದಾರನಾಗಿ, ಎ.ಎಸ್.ಐ. ಆಗಿ ನಿವೃತ್ತನಾದ. ಕೆರಗೋಡು, ಹಲಗೂರು, ಮಳವಳ್ಳಿ, ಮದ್ದೂರು ಅಂತ ಜಿಲ್ಲೆಯೊಳಗೇ ಸುತ್ತಿದ. ಎಲ್ಲಿಗೆ ಹೋದರೂ ಸ್ಟೇಷನ್ನಿನಲ್ಲಿ ಒಂದು ಕೆಲಸ ಮಾತ್ರ ಅವನ ಪಾಲಿಗೇ ಬರುತ್ತಿತ್ತು. ರಸ್ತೆಯಲ್ಲೋ ನಾಲೆಯಲ್ಲೋ ಯಾರಾದರೂ ಸತ್ತರೆ ಅವರ ಮನೆಗೆ ಹೋಗಿ ಸುದ್ದಿ ಮುಟ್ಟಿಸುವ ಕೆಲಸ. ಬೇರೆಯವರು ಹೇಗೋ ಜಾರಿಕೊಳ್ಳುತ್ತಿದ್ದರು. "ದಫೇದಾರ್ರೆ, ನೀವೇ ಓಗ್ಬುಡಿ, ನಿಮಗೆ ಯೋಳಾಕೆ ಬತ್ತದೆ" ಅಂತ ಅಪ್ಪನ ತಲೆಗೆ ಕಟ್ಟುತ್ತಿದ್ದರು. ಅಪ್ಪನಿಗೆ ಇಲ್ಲ ಅನ್ನಲು ಬರುತ್ತಿರಲಿಲ್ಲ.

ಅದಕ್ಕೆ ಅವನದೇ ಒಂದು ಕ್ರಮವಿತ್ತು. ಟೋಪಿಯನ್ನು ಗಾಡಿಯ ಹ್ಯಾಂಡಲ್ಲಿಗೆ ಸಿಕ್ಕಿಸಿ ಬರಿತಲೆಯಲ್ಲಿ ಅಂಗಳಕ್ಕೆ ಹೋಗುತ್ತಿದ್ದ. ಕುಡಿಯಲು ನೀರು ಕೇಳುತ್ತಿದ್ದ. ಆಮೇಲೆ, "ಉಂಡ್ರಾ?" ಅನ್ನುತ್ತಿದ್ದ. ಇಲ್ಲ ಅಂದರೆ, "ಸ್ಟೇಷನ್ ತಾವ ಒಂದ್ ಕೆಲ್ಸ ಅದೆ, ವೊತ್ತಾಯ್ತದೆ. ಮದ್ಲು ಉಂಡ್ಕಳಿ, ನಾನ್ ಕಾಯ್ತೀನಿ" ಅಂತ ಹೇಳಿ ಹೊರಗೆ ಕೂತುಬಿಡುತ್ತಿದ್ದ. ಮನೆಯವರು ಉಂಡು ಕೈ ತೊಳೆದ ಮೇಲೆಯೇ ವಿಷಯ ಹೇಳುತ್ತಿದ್ದದ್ದು.

ನಮ್ಮ ಕಡೆ ಸಾವಿನ ಸುದ್ದಿ ಕಿವಿಗೆ ಬಿದ್ದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಾಡಿಟ್ಟ ಅಡುಗೆಯನ್ನೂ ಚೆಲ್ಲಿಬಿಡುತ್ತಾರೆ. ಮಣ್ಣು ಮುಗಿಯುವವರೆಗೆ ಯಾರೂ ಉಣ್ಣುವಂತಿಲ್ಲ. ಪೊಲೀಸ್ ಕೇಸೆಂದರೆ ಮಹಜರು, ಪೋಸ್ಟ್‌ಮಾರ್ಟಂ ಎಲ್ಲ ಮುಗಿದು ಹೆಣ ಊರಿಗೆ ಬರುವುದು ಮಾರನೆಯ ದಿನವೇ. ಅಷ್ಟು ಹೊತ್ತೂ ಆ ಮನೆಯ ಮುದುಕರು, ಬಸುರಿ ಬಾಣಂತಿಯರು ಬರೀ ಹೊಟ್ಟೆಯಲ್ಲಿ ಎದೆ ಬಡಿದುಕೊಂಡು ಕೂತಿರಬೇಕು. "ಸಾವು ಎಲ್ಗೂ ಓಡೋಗಕಿಲ್ಲ ಕಣವ್ವ, ಅಲ್ಲೇ ಬಿದ್ದಿರ್ತದೆ. ಮಾಡಿಟ್ಟ ಇಟ್ಟು ಮಾತ್ರ ತಿಪ್ಪೆಗೆ ಓಯ್ತದೆ" ಎನ್ನುವುದು ಅಪ್ಪನ ವಾದ. ಹಿಟ್ಟು ಅಂದರೆ ನಮ್ಮಲ್ಲಿ ರಾಗಿಮುದ್ದೆ.

ಇಂಥ ಮನೆಗಳಿಂದ ಬಂದ ದಿನ ಅಪ್ಪ ಹಿತ್ತಲಲ್ಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಅವ್ವ ತಟ್ಟೆ ಹಿಡಿದು ನಿಂತರೂ ಬೇಡ ಅನ್ನುತ್ತಿದ್ದ. ಅವ್ವ ಉರಿದುಬೀಳುತ್ತಿದ್ದಳು. "ಊರೋರ್ಗೆಲ್ಲ ಉಣ್ಣುಸ್ಬುಟ್ಟು ಬತ್ತೀರ, ನಿಮ್ಗೆ ಉಣ್ಣುಸೋರು ಯಾರು? ಸುದ್ದಿ ಒತ್ಕೊಂಡ್ ಓಗೋನ್ಗೆ ಒಟ್ಟೆ ಇಲ್ವಾ?" ಅವ್ವನೂ ಅವತ್ತು ಸಿಟ್ಟಿಗೆ ಉಪವಾಸ ಮಲಗುತ್ತಿದ್ದಳು. ಒಂದು ಸಾವಿಗೆ ಎರಡು ಮನೆ ಉಪವಾಸ ಅಂತ ನಾನೂ ತಮ್ಮನೂ ಪಿಸುಗುಟ್ಟಿಕೊಳ್ಳುತ್ತಿದ್ದೆವು.

ಹಲಗೂರಿನಲ್ಲಿದ್ದಾಗ ನಡೆದದ್ದನ್ನು ಅಪ್ಪ ಒಂದೇ ಒಂದು ಸಲ ಹೇಳಿದ್ದ. ಪಕ್ಕದ ಹಳ್ಳಿಯ ಒಬ್ಬ ಎತ್ತಿನಗಾಡಿಯವನು ಲಾರಿಗೆ ಸಿಕ್ಕಿ ಸತ್ತಿದ್ದ. ಅಪ್ಪ ಹೋದಾಗ ಅವನ ಹೆಂಡತಿ ಆಗಷ್ಟೇ ಮುದ್ದೆ ಇಳಿಸಿದ್ದಳು. ಮಕ್ಕಳ ಜೊತೆ ಅವಳನ್ನೂ ಉಣ್ಣಲು ಕೂರಿಸಿದ. ಆಮೇಲೆ ಹೇಳಿದ. ಅವಳು ಅಂಗಳಕ್ಕೆ ಓಡಿಬಂದು ಉಂಡದ್ದನ್ನೆಲ್ಲ ಕಕ್ಕಿಕೊಂಡು, ಒಂದು ಹಿಡಿ ಮಣ್ಣು ತೆಗೆದು ಅಪ್ಪನ ಎದೆಗೆ ಎಸೆದಳಂತೆ. "ನನ್ ಗಂಡ ಅಲ್ಲಿ ಸತ್ ಬಿದ್ದವ್ನೆ, ನಂಗೆ ಇಲ್ಲಿ ಇಟ್ಟು ಉಣ್ಣುಸ್ದಲ್ಲೋ ಪಾಪಿ! ನೀನ್ ಸತ್ ಬಿದ್ದಾಗ ನಿನ್ ಎಂಡ್ರೂ ಇಂಗೇ ಉಣ್ಲಿ ಕಣೋ!"

ಇದನ್ನು ಕೇಳಿದಾಗ ನಾನು ಕಾಲೇಜಿನಲ್ಲಿದ್ದೆ, ಬಾಯಿ ಜೋರು. "ಆಯಮ್ಮ ಹೇಳಿದ್ದು ಸರಿಯಾಗೇ ಇದೆ. ನೀನು ಮಾಡಿದ್ದು ಮೋಸ ಕಣಪ್ಪ. ಉಣ್ಣೋದೋ ಬಿಡೋದೋ ಅವಳಿಷ್ಟ" ಅಂದುಬಿಟ್ಟೆ. ಅಪ್ಪ ಸಿಟ್ಟಾಗಲಿಲ್ಲ. "ಇರಬೌದು ಕಣವ್ವ. ಆದ್ರೆ ಮಕ್ಳು ಉಂಡ್ವು" ಅಂದ. ಒಳಗೆ ಕಾಳು ಬಿಡಿಸುತ್ತಿದ್ದ ಅವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನಿವೃತ್ತಿಯಾದ ಮೇಲೂ ಈ ಕೆಲಸ ಅಪ್ಪನ ಬೆನ್ನು ಬಿಡಲಿಲ್ಲ. ಚಿಕ್ಕರಸಿನಕೆರೆಯಲ್ಲಿ ನಮ್ಮ ನೆಂಟರ ಮದುವೆ. ಚಪ್ಪರದಡಿ ಕೂತಿದ್ದ, ದಫೇದಾರನ ಕಾಲದಿಂದ ತನ್ನನ್ನು ಬಲ್ಲ ಒಬ್ಬ ಅಜ್ಜಿಯನ್ನು ಅಪ್ಪ ವಿಶ್ವಾಸದಿಂದ, "ಉಂಡ್ರವ್ವಾ?" ಅಂತ ಮಾತಾಡಿಸಿದ. ಅಜ್ಜಿ ಎದೆ ಹಿಡಿದುಕೊಂಡಳು. "ಅಯ್ಯೋ ಸಿವನೇ! ಯಾರು ಓದ್ರು? ಯೋಳ್ಬುಡಿ ಸಾಮಿ, ನನ್ ಮಗ ಬಸ್ಸಲ್ಲಿ ಬತ್ತಾವ್ನೆ!" ಇಡೀ ಚಪ್ಪರ ನಕ್ಕಿತು. ಅಪ್ಪನೂ ನಕ್ಕ. ಆದರೆ ಆವತ್ತಿನಿಂದ ಅವನು ಯಾರನ್ನೂ ಊಟ ಆಯ್ತಾ ಅಂತ ಕೇಳಲಿಲ್ಲ. ಊಟ ಆಯ್ತಾ ಅನ್ನದೆ ಮಾತೇ ಶುರುವಾಗದ ಈ ಮಂಡ್ಯ ಸೀಮೆಯಲ್ಲಿ ಅಪ್ಪ ಮಾತ್ರ "ಮಳೆ ಎಂಗೆ?" ಅನ್ನುತ್ತಿದ್ದ. ಬೇಸಿಗೆಯಲ್ಲೂ ಅದನ್ನೇ ಕೇಳುತ್ತಿದ್ದ. ಮೊಮ್ಮಕ್ಕಳು ಅವನಿಗೆ ಮಳೆ ತಾತ ಅಂತಲೇ ಹೆಸರಿಟ್ಟಿದ್ದವು.

ಅಪ್ಪ ಹೋದದ್ದು ಮಂಡ್ಯದ ಆಸ್ಪತ್ರೆಯಲ್ಲಿ, ಬೆಳಗಿನ ಹೊತ್ತು. ಎದೆನೋವೆಂದು ಸೇರಿಸಿ ನಾಲ್ಕು ದಿನವಾಗಿತ್ತು. ಹುಷಾರಾಗುತ್ತಿದ್ದಾನೆ ಅಂತ ಡಾಕ್ಟರು ಹೇಳಿದ್ದಕ್ಕೆ ಹಿಂದಿನ ಸಂಜೆಯಷ್ಟೇ ಅವ್ವನನ್ನು ಬಲವಂತವಾಗಿ ಮದ್ದೂರಿನ ಮನೆಗೆ ಕಳಿಸಿದ್ದೆವು. ನರ್ಸು ಬಂದು ಕರೆದಾಗ ನಾನೂ ತಮ್ಮನೂ ಓಡಿದೆವು. ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪನ ಕೈ ಇನ್ನೂ ಬೆಚ್ಚಗಿತ್ತು. ಆ ಕೈ ಹಿಡಿದುಕೊಂಡು ಗೊಳೋ ಅಂತ ಅತ್ತೆ, ನಾಚಿಕೆಯೇನು.

ಆಮೇಲೆ ತಲೆ ಓಡಿತು. ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ಒಂದಿಷ್ಟು ತಿಂಡಿ ತಿಂದಿರುತ್ತಾಳೆ. ಮಧ್ಯಾಹ್ನದ ಊಟ ತಪ್ಪಿದರೆ ಮೈಯೆಲ್ಲ ಬೆವೆತು ನಡುಗುತ್ತಾಳೆ. ಹೋದ ವರ್ಷ ಹಾಗೇ ಆಗಿ ಬಚ್ಚಲಲ್ಲಿ ಬಿದ್ದಿದ್ದಳು. ಆಸ್ಪತ್ರೆಯ ಕಾಗದಪತ್ರ ಮುಗಿಸಿ ಅಪ್ಪನನ್ನು ಮನೆಗೆ ತರುವಾಗ ಸಂಜೆಯಾಗುತ್ತದೆ, ಮಣ್ಣು ನಾಳೆ. ಸುದ್ದಿ ಕೇಳಿದ ಮೇಲೆ ಅವಳು ಒಂದು ಅಗುಳನ್ನೂ ಮುಟ್ಟುವುದಿಲ್ಲ ಅಂತ ನನಗೆ ಗೊತ್ತು. ಅಪ್ಪನ ಜೊತೆ ಅವಳನ್ನೂ ಕಳೆದುಕೊಳ್ಳಬೇಕೇ?

"ಯಾರ್ಗೂ ಫೋನ್ ಮಾಡ್ಬ್ಯಾಡ ಕಣ್ಲಾ. ವಾಟ್ಸಾಪ್ ಸ್ಟೇಟಸ್‌ನಾಗೆ ಫೋಟೋ ಗೀಟೋ ಆಕುದ್ರೆ ಕಾಲ್ ಮುರುದಾಕ್ತೀನಿ" ಅಂತ ತಮ್ಮನಿಗೆ ಹೇಳಿ ಮದ್ದೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆ ಹಲಗೂರಿನ ಕಡೆಯ ಹೆಂಗಸಿನ ಮಾತೇ ಕಿವಿಯಲ್ಲಿತ್ತು. ನಿನ್ನ ಹೆಂಡ್ರೂ ಹಿಂಗೇ ಉಣ್ಣಲಿ ಅಂದಿದ್ದಳಲ್ಲ. ಅವಳ ಶಾಪವನ್ನು ಈಗ ನಾನೇ ನಡೆಸಿಕೊಡಲು ಹೊರಟಿದ್ದೆ. ಉಣ್ಣಿಸದಿದ್ದರೆ ಅವ್ವ ಬೀಳುತ್ತಾಳೆ, ಉಣ್ಣಿಸಿದರೆ ಅವ್ವನೂ ನನ್ನ ಎದೆಗೆ ಮಣ್ಣು ಎಸೆದಾಳು. ಆ ದಫೇದಾರ ಇದನ್ನು ಎಷ್ಟು ಮನೆಗಳಲ್ಲಿ ಹೇಗೆ ಮಾಡಿದನೋ, ಕಲ್ಲೆದೆಯವನು ಅಂತ ಅಪ್ಪನ ಮೇಲೇ ಸಿಟ್ಟು ಬಂತು.

ಮನೆಯ ಬಾಗಿಲು ತೆರೆದಿತ್ತು. ಬಸ್ಸಾರಿನ ಒಗ್ಗರಣೆಯ ವಾಸನೆ ಬೀದಿಗೇ ಬರುತ್ತಿತ್ತು. ಅವ್ವ ಆಗಷ್ಟೇ ಮುದ್ದೆ ಕಟ್ಟಿ ಮುಗಿಸಿ ಕೈ ತೊಳೆಯುತ್ತಿದ್ದಳು. ನಾನು ಮುಖ ಗಟ್ಟಿ ಮಾಡಿಕೊಂಡು ಚೊಂಬಿನಲ್ಲಿದ್ದ ನೀರು ಕುಡಿದೆ. ಬೇರೆ ಏನೇನೋ ಹೇಳಬೇಕೆಂದುಕೊಂಡಿದ್ದೆ. ಬಾಯಿಗೆ ಬಂದದ್ದು ಅದೊಂದೇ.

"ಉಂಡ್ಯಾ ಅವ್ವ?"

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದವಳು ಹಾಗೇ ನಿಂತಳು. ನನ್ನ ಮುಖ ನೋಡಿದಳು. ಏನಾಯಿತು ಅಂತ ಕೇಳಲಿಲ್ಲ. ಅಪ್ಪ ಹೇಗಿದ್ದಾನೆ ಅಂತಲೂ ಕೇಳಲಿಲ್ಲ. ಅವಳು ಆ ಪೊಲೀಸಿನವನ ಹೆಂಡತಿ. ಆ ಪ್ರಶ್ನೆಯ ಅರ್ಥ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಒಳಗೆ ಹೋಗಿ ಎರಡು ತಟ್ಟೆ ತಂದಳು.

"ನಂಗ್ ಬ್ಯಾಡವ್ವ. ನೀನ್ ಉಣ್ಣು."

"ಬಾಯ್ಮುಚ್ಕೊಂಡ್ ಕುತ್ಕೊ" ಅಂದಳು. ದನಿ ಒಡೆದಿತ್ತು, ಆದರೆ ಗದರಿಕೆ ಹಳೆಯದೇ. "ನಿಮ್ಮಪ್ಪನೂ ಇಂಗೇ ಬ್ಯಾಡ ಬ್ಯಾಡ ಅಂದು ಅಂದು ಬರೀ ಒಟ್ಟೇಲಿ ಮನಿಕ್ಕೊಂತಿದ್ದ. ಒಂದ್ ದಿನಾನೂ ನಾನ್ ಅವನ್ಗೆ ಉಣ್ಣುಸ್ನಿಲ್ಲ. ನೀನಾದ್ರೂ ಉಣ್ಣು ನನ್ ಮಗಳೇ. ಸುದ್ದಿ ತಂದೋರು ಅಸ್ಕೊಂಡ್ ಇರಬಾರ್ದು."

ಇಬ್ಬರೂ ಉಂಡೆವು. ಮುದ್ದೆಯನ್ನು ಅಗಿಯುವ ಕಷ್ಟವಿಲ್ಲ, ನುಂಗಿದರಾಯಿತು. ಅವತ್ತು ಮಾತ್ರ ಅವ್ವ ಪ್ರತಿ ತುತ್ತಿಗೂ ನೀರು ಕುಡಿದು ಇಳಿಸಿದಳು. ಅವಳ ಕಣ್ಣೀರು ತಟ್ಟೆಗೇ ಬೀಳುತ್ತಿತ್ತು. ಅರ್ಧದಲ್ಲಿ ತಲೆಯೆತ್ತದೆ, "ಆ ಎಣ್ಮಗಳು ಅಂದಂಗೇ ಆಯ್ತು ನೋಡು. ಅವ್ಳೂ ಇಂಗೇ ನುಂಗಿದ್ಳೇನೋ ಪಾಪ" ಅಂದಳು. ನಾನು ನೀರಿನ ಚೊಂಬನ್ನು ಅವಳ ಮುಂದಕ್ಕೆ ಸರಿಸಿದೆ.

ತಟ್ಟೆ ಖಾಲಿ ಮಾಡಿ ಎದ್ದಳು. ಮಿಕ್ಕ ಮುದ್ದೆಯನ್ನೂ ಸಾರನ್ನೂ ಪಕ್ಕದ ಮನೆಗೆ ಒಯ್ದು, "ಮಕ್ಳಿಗ್ ಇಕ್ಕವ್ವ, ಈಗ್ಲೇ ಮಾಡಿದ್ದು" ಅಂತ ಕೊಟ್ಟು ಬಂದಳು. ಇನ್ನು ಸ್ವಲ್ಪ ಹೊತ್ತಾದರೆ ಅದು ಚೆಲ್ಲುವ ಅಡುಗೆಯಾಗುತ್ತಿತ್ತು. ಗ್ಯಾಸಿನ ಸಿಲಿಂಡರು ಆಫ್ ಮಾಡಿದಳು. ಪಾತ್ರೆ ಬೋರಲು ಹಾಕಿದಳು. ಆಮೇಲೆ ಬಂದು ಗೋಡೆಗೆ ಒರಗಿ ಕೂತಳು. ನನ್ನ ಕೈಯನ್ನು ತನ್ನ ಮಡಿಲಲ್ಲಿಟ್ಟು ಬಿಗಿಯಾಗಿ ಹಿಡಿದುಕೊಂಡಳು.

"ಉಂಡಾಯ್ತು. ಈಗ ಯೋಳವ್ವ" ಅಂದಳು.

ಹೇಳಿದೆ.