ಬಲಗಡೆಯ ಖಾಲಿ ಸಾಲುಗಳು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ, ಪಡೀಲಿನ ನಮ್ಮ ಓಣಿಯಲ್ಲಿ ಯಾರ ಮನೆಯ ಜಗಲಿ ಹತ್ತಿದರೂ ಮೊದಲು ಮೂಗಿಗೆ ಬಡಿಯುತ್ತಿದ್ದುದು ಹೊಗೆಸೊಪ್ಪಿನ ಘಾಟು. ಹೆಂಗಸರೆಲ್ಲ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅವರ ಕೈಗೆ ಬಿಡುವಿಲ್ಲ, ಕಿವಿಗೆ ಬೇಕಾದಷ್ಟು ಬಿಡುವು. ಹಾಗಾಗಿ ಓದಲು ಬರುವ ಮಕ್ಕಳು ಪಕ್ಕದಲ್ಲಿ ಕೂತು ಧಾರಾವಾಹಿಯನ್ನೋ ಬೊಂಬಾಯಿಯಿಂದ ಬಂದ ಕಾಗದವನ್ನೋ ಗಟ್ಟಿಯಾಗಿ ಓದಬೇಕಿತ್ತು. ನಮ್ಮ ಮನೆಯಲ್ಲಿ ಓದುವವಳು ಏಳನೇ ಕ್ಲಾಸಿನ ನಾನು, ಕೇಳುವವಳು ನನ್ನ ಅಕ್ಕ ಸರೋಜ.

ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಪಣಂಬೂರಿನ ಕಚೇರಿಯೊಂದರಲ್ಲಿ ಗುಮಾಸ್ತೆ ಕೆಲಸಕ್ಕೆ ಪರೀಕ್ಷೆ ಕರೆದಿದ್ದರು. ವಯಸ್ಸಿನ ಮಿತಿ ನೋಡಿದರೆ ಅವಳಿಗೆ ಅದೇ ಕೊನೆಯ ಅವಕಾಶ. ಹೊಗೆಸೊಪ್ಪಿನ ಧೂಳಿಗೆ ಅವಳಿಗೆ ಕೆಮ್ಮು ಹಿಡಿದು ಎರಡು ವರ್ಷವಾಗಿತ್ತು. "ಈ ತಡ್ಪೆ ಬಿಡದಿದ್ದರೆ ನನ್ನ ಮದ್ದಿನಿಂದ ಎಂತದೂ ಪ್ರಯೋಜನ ಇಲ್ಲ" ಎಂದು ಡಾಕ್ಟರು ಹೇಳಿದ ಮೇಲೆ ಅಮ್ಮ ಮಾತನ್ನೇ ಕಡಿಮೆ ಮಾಡಿದ್ದಳು.

ಪರೀಕ್ಷೆಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಅರ್ಥ ಕೇಳುತ್ತಾರೆಂದು ಗೊತ್ತಾಯಿತು. ಪಕ್ಕದ ಮನೆಯ ವಸಂತಣ್ಣನ ಬಳಿ ಒಂದು ಗೈಡ್ ಇತ್ತು. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡದಲ್ಲಿ ಅರ್ಥ. ಬೊಂಬಾಯಿಗೆ ಹೊರಡುವ ಮೊದಲು ಹಿಂದಕ್ಕೆ ಕೊಡಬೇಕೆಂದು ಹೇಳಿ ಒಂದು ವಾರಕ್ಕೆ ಕೊಟ್ಟ.

"ಪೂರಾ ನೋಟ್‌ಬುಕ್ಕಿಗೆ ಇಳಿಸು ಮಾರಾಯ್ತಿ, ನಿನ್ನ ಅಕ್ಷರ ಚಂದ ಉಂಟು" ಎಂದಳು ಅಕ್ಕ.

ನಾನು ಮಹಾ ಜಾಣೆ. ಒಂದೊಂದೇ ಸಾಲು ಬರೆದರೆ ತಡವಾಗುತ್ತದೆಂದು ಮೊದಲು ಎಡಗಡೆಯದನ್ನೆಲ್ಲ ಬರೆದು, ಆಮೇಲೆ ಬಲಗಡೆಗೆ ಬರುತ್ತಿದ್ದೆ. ಕೊನೆಯ ಎರಡು ಪುಟಗಳ ಎಡಗಡೆ ಮುಗಿಸಿದ್ದೆನಷ್ಟೆ, ಅಂಗಳದಿಂದ ಲಗೋರಿಗೆ ಕರೆದರು. ಆಡಿ, ಅಮ್ಮ ಕೊಟ್ಟ ಹಲಸಿನ ಹಪ್ಪಳ ತಿಂದು ಒಳಗೆ ಬಂದರೆ ಗೈಡ್ ಇಲ್ಲ. ವಸಂತಣ್ಣ ಒಂದು ದಿನ ಮೊದಲೇ ಬಂದು ಅದನ್ನು ತೆಗೆದುಕೊಂಡು ಬಸ್ಸು ಹತ್ತಿದ್ದ.

ಅಕ್ಕ ಬೈಯುವವಳಲ್ಲ. ಬೈಯುವವಳಾಗಿದ್ದರೆ ಅಂದೇ ಹೇಳಿಬಿಡುತ್ತಿದ್ದೆ. ಅವಳು ಸುಮ್ಮನೆ ಕೂತುಬಿಡುತ್ತಾಳಲ್ಲ, ಆ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಮರುದಿನ ನೋಟ್‌ಬುಕ್ ಹಿಡಿದು ಟೀಚರ ಬಳಿ ಓಡಿದೆ. "ನಿನಗೆ ಎಂತಕ್ಕೆ ಇದೆಲ್ಲ ಈಗ? ಹೈಸ್ಕೂಲಿಗೆ ಹೋದ ಮೇಲೆ ಕಲಿಯಬಹುದು" ಎಂದು ಕಳಿಸಿದರು.

ಆ ಮಧ್ಯಾಹ್ನ ಅಕ್ಕನಿಗೆ ನೋಟ್‌ಬುಕ್ ಓದಿ ಹೇಳುವಾಗ ಬಲಗಡೆ ಖಾಲಿಯಿದ್ದ ಪುಟ ಬಂದೇಬಂತು.

"ಮುಂದಿನದ್ದು?"

"ಬರ್ನಿಂಗ್ ದ ಮಿಡ್‌ನೈಟ್ ಆಯಿಲ್."

"ಅರ್ಥ?"

ನಡುರಾತ್ರಿ ಎಣ್ಣೆ ಉರಿಸುವುದು, ಪದಗಳಷ್ಟೇ ನನಗೆ ಗೊತ್ತಿದ್ದವು. ರೇಷನ್ ಸೀಮೆಎಣ್ಣೆಗೆ ಕ್ಯೂ ನಿಲ್ಲುತ್ತಿದ್ದವಳು ನಾನೇ. ದೀಪ ಸುಮ್ಮನೆ ಉರಿದರೆ ಅಮ್ಮ ರೇಗುತ್ತಿದ್ದುದು ನೆನಪಾಯಿತು. "ದುಂದು ಮಾಡುವುದು" ಎಂದುಬಿಟ್ಟೆ.

"ಅದು ಹೌದು!" ಎಂದು ಅಕ್ಕ ನಕ್ಕಳು. ಒಂದೊಂದು ಬೀಡಿಗೆ ನೂಲು ಸುತ್ತುವಾಗಲೂ ಒಂದೊಂದು ಸಲ ಹೇಳಿ ಬಾಯಿಪಾಠ ಮಾಡಿಕೊಂಡಳು. ಕೆಮ್ಮು ಬಂದರೆ ನಿಲ್ಲಿಸಿ, ಮತ್ತೆ ಮೊದಲಿನಿಂದ. ಎರಡು ಪುಟದ ಅಷ್ಟೂ ಅರ್ಥಗಳನ್ನು ನಾನು ಹೀಗೆಯೇ ಹುಟ್ಟಿಸಿ, ಅವಳು ನೋಡುವ ಮೊದಲೇ ಖಾಲಿ ಸಾಲುಗಳಲ್ಲಿ ಬರೆದಿಟ್ಟೆ. ಪರೀಕ್ಷೆಯಲ್ಲಿ ಅವು ಬಾರದಿರಲಿ ಎಂದು ದಿನಾ ತುಳಸಿಕಟ್ಟೆಗೆ ಸುತ್ತು ಬಂದೆ.

ಪರೀಕ್ಷೆಯ ದಿನ ಅಕ್ಕ ಬಸ್ಸಿಳಿದು ಓಡಿಯೇ ಬಂದಳು. "ನೀನು ಓದಿ ಹೇಳಿದ್ದರಲ್ಲಿ ಮೂರು ಬಂದಿದೆ ಮಾರಾಯ್ತಿ! ಆ ಎಣ್ಣೆಯದ್ದೂ ಉಂಟು!" ಎಂದು ನನ್ನ ಕೆನ್ನೆ ಹಿಂಡಿದಳು. ಉಳಿದೆರಡು ಯಾವುವು ಎಂದು ಕೇಳಿದೆ. ಅವೂ ನನ್ನವೇ. ಅವಳು ತಂದ ನೆಲಗಡಲೆಯನ್ನು ತಿನ್ನದೆ ಅಮ್ಮನ ಕೈಗೆ ಕೊಟ್ಟೆ.

ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಆ ಮೂರರಿಂದಲೇ ಹೋಯಿತೋ, ಲೆಕ್ಕದಲ್ಲಿ ಹೋಯಿತೋ, ತಿಳಿಯುವ ದಾರಿ ಇರಲಿಲ್ಲ. ಅಕ್ಕ ಅಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು ತಡ್ಪೆಯನ್ನು ಮಡಿಲಿಗೆ ಎಳೆದುಕೊಂಡಳು.

ನಿಜವಾದ ಅರ್ಥ ಗೊತ್ತಾದದ್ದು ನಾನು ಹೈಸ್ಕೂಲಿಗೆ ಹೋದ ಮೇಲೆ. ರಾತ್ರಿಯೆಲ್ಲ ದೀಪ ಉರಿಸಿ ಕಷ್ಟಪಟ್ಟು ಓದುವುದು. ಅಕ್ಕ ಆ ಮಳೆಗಾಲವಿಡೀ ಮಾಡಿದ್ದೇ ಅದು. ನೀರು ಕುಡಿಯುವ ನೆಪ ಹೇಳಿ ಹೊರಗೆ ಹೋಗಿ ಅತ್ತೆ.

ಈಗ ಆ ಓಣಿಯಲ್ಲಿ ಹೊಗೆಸೊಪ್ಪಿನ ವಾಸನೆ ಇಲ್ಲ, ಜಗಲಿಗಳೂ ಇಲ್ಲ. ಒಬ್ಬರು ಓದಿ ಇನ್ನೊಬ್ಬರು ಕೇಳುವ ಮಧ್ಯಾಹ್ನಗಳು ಹೋದವು. ಕೇಳಿದ್ದನ್ನು ಹಾಗೆಯೇ ನಂಬುವವರೂ ಹೋದರು. ಅಕ್ಕನ ಕೆಮ್ಮು ಮಾತ್ರ ಇದೆ. ನಾನು ಇಂಗ್ಲಿಷ್ ಟೀಚರಾಗಿ ನಿವೃತ್ತಳಾದೆ. ಅವಳಿಗೆ ಏನೂ ಹೇಳಿರಲಿಲ್ಲ.

ಕಳೆದ ತಿಂಗಳು ಅವಳ ಮನೆಗೆ ಹೋಗಿದ್ದೆ. ಮೊಮ್ಮಗಳು ಹೋಮ್‌ವರ್ಕ್ ಮಾಡುತ್ತಾ ಅದೇ ನುಡಿಗಟ್ಟನ್ನು ಗಟ್ಟಿಯಾಗಿ ಓದಿದಳು.

"ದುಂದು ಮಾಡುವುದು" ಎಂದಳು ಅಕ್ಕ, ಅಡುಗೆಮನೆಯಿಂದಲೇ.

"ಅಲ್ಲ ಅಜ್ಜಿ, ಟೀಚರ್ ಬೇರೆ ಬರೆಸಿದ್ದಾರೆ."

"ನಿನ್ನ ಟೀಚರಿಗೆ ಎಂತ ಗೊತ್ತುಂಟು? ನನಗೆ ಇವಳು ಹೇಳಿಕೊಟ್ಟದ್ದು."

ಮಗು ನನ್ನ ಮುಖ ನೋಡಿ ರಬ್ಬರ್ ಎತ್ತಿಕೊಂಡಿತು.

"ಅಳಿಸಬೇಡ ಮಗಾ" ಎಂದೆ. "ಟೀಚರ್ ಬರೆಸಿದ್ದೇ ಸರಿ."

ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಹಾಗಾದರೆ ಅವತ್ತು ಪರೀಕ್ಷೆಯಲ್ಲಿ ನಾನು ಬರೆದದ್ದು?" ಎಂದು ಕೇಳಿದಳು.